ಕ್ಯಾಮೆರಾದ ಹಣೆ

ಸ್ನೇಹಿತರೇ, ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸುವುದು ಕಷ್ಟವೇ ಅಲ್ಲ. ನಮ್ಮ ನರಸೀಪುರದ ಕಾಲೇಜಿನ ಲ್ಯಾಬಿನಲ್ಲಿ ಜೋಡಿಸಬಾರದು, ಅಷ್ಟೇ.

ಹೆಮ್ಮಿಗೆಯ ರೈತರೊಬ್ಬರು ಚುಕ್ಕೆ ಬಿದ್ದ ಭತ್ತದ ಎಲೆ ತಂದು ಕೂತಿದ್ದರು. ಅದರ ಫೋಟೋವನ್ನು ನನಗೆ ಗೊತ್ತಿರುವ ತಜ್ಞರಿಗೆ ಕಳಿಸಬೇಕು, ಅವರು ಹೇಳಿದ ಔಷಧಿಯನ್ನು ಇವರು ಸಂಜೆಯೊಳಗೆ ಹೊಡೆಯಬೇಕು. ಕಣ್ಣಿಟ್ಟು ನೋಡಿದರೆ ಮೈಕ್ರೋಸ್ಕೋಪಿನಲ್ಲಿ ಎಲ್ಲ ಸ್ಪಷ್ಟ, ಕ್ಯಾಮೆರಾದಲ್ಲಿ ಮಾತ್ರ ಬರೀ ಮಂಜು. ಫೋಕಸ್ ತಿರುಗಿಸಿದೆ, ಸ್ಲೈಡ್ ಬದಲಿಸಿದೆ, ಒಂದು ಗಂಟೆ ಹಾಳಾಯಿತು. ಕೊನೆಗೆ ಕ್ಯಾಮೆರಾ ಬಿಚ್ಚಿದರೆ ಲೆನ್ಸಿನ ಮೇಲೆ ಮೂರು ಗೆರೆ ವಿಭೂತಿ.

ಅಟೆಂಡರ್ ಶಿವಮಲ್ಲಪ್ಪನವರನ್ನು ಕರೆದೆ.

“ಒಸಾ ಸಾಮಾನು ಸಾ, ಪೂಜೆ ಮಾಡ್ದೆ ಎಂಗೆ ಶುರು ಮಾಡದು? ಅಣೆ ಯಾವ್ದು ಅಂತ ಗೊತ್ತಾಗ್ನಿಲ್ಲ. ಮುಂದ್ಗಡೆ ಗುಂಡಗೆ ಒಳೀತಿತ್ತು, ಅಲ್ಲೇ ಅಚ್ದೆ.”

“ಅದು ಹಣೆಯಲ್ಲ ಕಣ್ರೀ, ಕಣ್ಣು.”

“ಶಿವ್ನಿಗೂ ಕಣ್ಣು ಅಣೇಲೇ ಅಲ್ವಾ ಸಾ ಇರದು? ಇವತ್ತು ಸ್ವಾಮಾರ ಬೇರೆ, ಶಿವನ ವಾರ, ಒರುಸ್ಬ್ಯಾಡಿ.”

ಒರೆಸಿದೆ. ಮತ್ತೆ ಜೋಡಿಸಿ ಗುಂಡಿ ಒತ್ತಿದೆ. ಒಂದು ಗಂಟೆ ಓಡಿದ್ದ ಬ್ಯಾಟರಿ ಆಗಲೇ ಖಾಲಿಯಾಗಿ ಕ್ಯಾಮೆರಾ ಆಫ್ ಆಯಿತು.

ಶಿವಮಲ್ಲಪ್ಪ ರೈತರ ಮುಖ ನೋಡಿದರು. ರೈತರೇ ನನ್ನನ್ನು ಕೇಳಿದರು: “ಬ್ಯಾಡ ಅಂದ್ರಲ್ಲ ಸಾ ಅವ್ರು, ಯಾಕೆ ಒರುಸುದ್ರಿ?”

ಪಿಎಚ್‌ಡಿ ಮಾಡಿದ ನಾನು ಬ್ಯಾಟರಿ ಬಿಚ್ಚಿಕೊಂಡೆ. ಚಾರ್ಜಿಗೆ ಹಾಕೋಣವೆಂದು ಕ್ಯಾಮೆರಾದ ಪೆಟ್ಟಿಗೆ ತೆಗೆದರೆ ಚಾರ್ಜರಿನ ಮೇಲೂ ಮೂರು ಗೆರೆ.

ಒರೆಸದೆ ಹಾಗೇ ಪ್ಲಗ್ಗಿಗೆ ಸಿಕ್ಕಿಸಿದೆ.