ಎರಡು ಸಲ ಬರುವ ಹಾಡು

ಬೆಳಗಿನ ಪೂಜೆ ಮುಗಿಸಿ, ಸಂಜೆಯ ಭಜನೆಗೆ ತಾಳಗಳನ್ನು ಉಜ್ಜಿಡೋಣವೆಂದು ಕಪಾಟು ತೆರೆದೆ. ತಾಳಗಳಿಗೆ ಆನಿಸಿಟ್ಟಿದ್ದ ಸಿ.ಡಿ. ಪೆಟ್ಟಿಗೆಯೊಂದು ಜಾರಿ ಕೈಗೆ ಬಂತು. ಮುಚ್ಚಳದ ಮೂಲೆ ಒಡೆದಿದೆ. ಅದರ ಮೇಲೆ ಕಪ್ಪು ವರ್ಣದ ಒಬ್ಬ ವೃದ್ಧ ಗಾಯಕರು. ತೊಡೆಯ ಮೇಲೆ ಗಿಟಾರು, ಮುಚ್ಚಿದ ಕಣ್ಣು. ಅಮೆರಿಕದ ಬ್ಲೂಸ್ ಎಂಬ ಗಾನಪದ್ಧತಿಯಲ್ಲಿ ಆಯುಷ್ಯವಿಡೀ ಹಾಡಿದವರ ಜನಪ್ರಿಯ ಗೀತೆಗಳ ಸಂಕಲನ ಅದು. ಡೊಂಬಿವಲಿಯ ಈ ಸಂಧ್ಯಾವಂದನೆಯ ಮುದುಕನ ಮನೆಯಲ್ಲಿ, ಅದೂ ತಾಳದ ಮಗ್ಗುಲಲ್ಲಿ, ಇದಕ್ಕೇನು ಕೆಲಸ ಎಂದು ನೀವು ಕೇಳಿದರೆ ತಪ್ಪಿಲ್ಲ. ನನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.

ಉತ್ತರ ಹೇಳಬೇಕಾದರೆ ವಾಮನರಾಯರಿಂದ ಆರಂಭಿಸಬೇಕು. ಧಾರವಾಡದ ಕಡೆಯವರು, ಶಹಾಡಿನ ಕಾರ್ಖಾನೆಯೊಂದರಲ್ಲಿ ದುಡಿದು, ಕಲ್ಯಾಣದಲ್ಲಿ ಮನೆ ಮಾಡಿ ನಿವೃತ್ತರಾದವರು. ಈ ಕಡೆಯ ಕನ್ನಡಿಗರು ಸೇರಿ ಕಟ್ಟಿಕೊಂಡ ನಮ್ಮ ಭಜನಾ ಮಂಡಳಿಗೆ ಅವರೇ ಕಂಠ. ಪ್ರತಿ ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಪಾಳಿಯಂತೆ ಭಜನೆ. ಕೊನೆಗೆ ಮಂಗಳದ ಪದ. ಮಂಗಳವಾಗದೆ ಆರತಿಯಿಲ್ಲ, ಆರತಿಯಾಗದೆ ಪ್ರಸಾದವಿಲ್ಲ. ಆ ಮಂಗಳವನ್ನು ಎತ್ತಿಕೊಳ್ಳುತ್ತಿದ್ದವರು ವಾಮನರಾಯರೇ. ಹಾರ್ಮೋನಿಯಮ್ಮಿನ ನಾಲ್ಕನೆಯ ಕರಿಮನೆ ಅವರ ಷಡ್ಜ. ಗಂಡಸರಿಗೆ ಅದು ಬಹಳ ಎತ್ತರದ ಶ್ರುತಿ. ಆದರೂ ಅವರ ಶ್ರುತಿಯೇ ಮಂಡಳಿಯ ಶ್ರುತಿಯಾಗಿಬಿಟ್ಟಿತ್ತು. ಅವರು ತಾರಸ್ಥಾಯಿಗೆ ಏರಿದಾಗ ನಮ್ಮಲ್ಲಿ ಅನೇಕರು ಬಾಯಿಯನ್ನು ಮಾತ್ರ ತೆರೆಯುತ್ತಿದ್ದೆವು, ಭಕ್ತಿಯಿಂದ ಕಣ್ಣು ಮುಚ್ಚಿಕೊಂಡು. ಕಣ್ಣು ಮುಚ್ಚಿದವನ ಬಾಯಿಯನ್ನು ಯಾರೂ ಸಂಶಯಿಸುವುದಿಲ್ಲ.

ಒಂದು ವರ್ಷ ಅವರ ಗಂಟಲಿನಲ್ಲಿ ಗಂಟೊಂದು ಬೆಳೆಯಿತು. ಶಸ್ತ್ರಚಿಕಿತ್ಸೆಯಾಯಿತು, ದೇವರ ದಯೆಯಿಂದ ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಚೇತರಿಸಿಕೊಂಡು ಎದ್ದಾಗ ಧ್ವನಿ ಕೆಳಗಿಳಿದಿತ್ತು, ಒಡೆದಿತ್ತು. ಅವರು ಭಜನೆಗೆ ಬರುವುದನ್ನೇ ಬಿಟ್ಟರು. ಮಂಗಳವನ್ನು ನಾನು ಹಾಡದೆ, ಮಂತ್ರ ಹೇಳಿದಂತೆ ಹೇಳಿ ಮುಗಿಸತೊಡಗಿದೆ. ಆರತಿ ಬೆಳಗುತ್ತಿತ್ತು, ಪ್ರಸಾದ ಹಂಚುತ್ತಿದ್ದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹೀಗಿರುವಾಗ ಪಾಳಿ ತಿರುಗಿ ವಾಮನರಾಯರ ಮನೆಗೆ ಬಂತು. ವಿಚಾರಿಸಲು ಹೋದೆ.

"ನಮ್ಮನಿ ಪಾಳಿ ಬಿಟ್ಟುಬಿಡ್ರಿ, ಆಚಾರ್ಯ," ಎಂದರು ಆ ಒಡಕು ಧ್ವನಿಯಲ್ಲಿ. "ಮನ್ಯಾಗ ಭಜನಿ ಇಟ್ಟು ಯಜಮಾನ ಮೂಕಾಗಿ ಕೂತ್ರ ಛಲೋ ಕಾಣಸ್ತದೇನು? ನನ್ನ ತಾಳನೂ ನೀವ ಒಯ್ರಿ."

ಪಾಳಿ ಒಮ್ಮೆ ಬಿಟ್ಟವರು ಮತ್ತೆ ಹಿಡಿದದ್ದನ್ನು ನಾನು ಕಂಡಿಲ್ಲ. ಈ ಊರುಗಳಲ್ಲಿ ಮನುಷ್ಯ ಹಾಗೆಯೇ ಕಳೆದುಹೋಗುತ್ತಾನೆ: ಒಂದು ಶನಿವಾರ ಬರುವುದಿಲ್ಲ, ಆಮೇಲೆ ಬದಲಾಪುರದ ಕಡೆ ಮನೆ ಬದಲಿಸಿದರಂತೆ ಎಂಬ ಸುದ್ದಿ ಬರುತ್ತದೆ, ಅಷ್ಟೆ. ಅವರು ಕೊಟ್ಟ ತಾಳಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಒಳಗಿನಿಂದ ಯಾವುದೋ ಹಾಡು ಕೇಳುತ್ತಿತ್ತು. ಐರೋಲಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ಅವರ ಮಗಳು ಸುಮಾ ಚಹಾ ತಂದಳು.

"ಕಾಕಾ, ನೀವಾದ್ರೂ ಹೇಳ್ರಿ ಅಪ್ಪಾಗ. ಭಜನಿ ಬ್ಯಾಡಂತಾರ, ಟೀವಿ ಬ್ಯಾಡಂತಾರ. ಬಸ್, ಈ ಸಿ.ಡಿ. ಒಂದ ಚಲತಾ ಹೈ."

"ಯಾವ ರಾಗವಮ್ಮಾ ಇದು? ಗಾಂಧಾರ ಅಶುದ್ಧವಾಗಿದೆಯಲ್ಲ," ಎಂದೆ. ಕಲಿತದ್ದನ್ನು ಸಮಯ ಸಂದರ್ಭ ನೋಡದೆ ಹೊರಗೆಡಹುವುದು ನನ್ನ ಸ್ವಭಾವ.

ವಾಮನರಾಯರು ಥಟ್ಟನೆ ಎದ್ದು ಕುಳಿತರು. "ಅಶುದ್ಧ ಅಲ್ರಿ. ಕೋಮಲಕ್ಕೂ ಶುದ್ಧಕ್ಕೂ ನಡುವ ನಿಂತದ. ಅಳು ಒತ್ತಿ ಬಂದಾಗ ನಿಮ್ಮ ಗಂಟಲು ಯಾವ ಗಾಂಧಾರ ಹಿಡೀತದ, ಹೇಳ್ರಿ ನೋಡೋಣ?"

ಆ ಹಾಡಿಗೆ ಕಿವಿಗೊಟ್ಟು ಕುಳಿತೆ. ಗಾಯಕರು ಒಂದು ಸಾಲನ್ನು ಹೇಳುತ್ತಾರೆ. ಅದೇ ಸಾಲನ್ನು ಇನ್ನೊಮ್ಮೆ, ಈಗಷ್ಟೇ ನೆನಪಾದಂತೆ, ಹೇಳುತ್ತಾರೆ. ಮೂರನೆಯದರಲ್ಲಿ ಅದಕ್ಕೆ ಸಮಾಧಾನವೊಂದನ್ನು ಕೊಡುತ್ತಾರೆ. ಸಾಲುಗಳ ನಡುವಿನ ಎಡೆಯಲ್ಲಿ ಗಿಟಾರು 'ಹೌದು' ಎನ್ನುತ್ತದೆ. ದೇವರ ಹೆಸರು ಎಲ್ಲಿಯೂ ಬರಲಿಲ್ಲ. ಆದರೂ ಯಾರನ್ನೋ ಕರೆಯುತ್ತಿರುವುದು ಸ್ಪಷ್ಟವಾಗಿತ್ತು.

ಜನಪ್ರಿಯ ಗೀತೆಗಳ ಸಂಕಲನವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸಂಗೀತ ಕಚೇರಿಯ ಕಾಯುವಿಕೆ, ತಡವರಿಕೆಗಳನ್ನೆಲ್ಲ ಕಿತ್ತುಹಾಕಿ, ಚಪ್ಪಾಳೆ ಬಿದ್ದ ಎಡೆಗಳನ್ನಷ್ಟೇ ಬಡಿಸುವ ಏರ್ಪಾಡು ಅದು ಎಂದು ತಿಳಿದಿದ್ದೆ. ಇದು ಹಾಗಿರಲಿಲ್ಲ. ಹಾಡುಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿದ್ದರು. ಕುಳಿತಲ್ಲಿಯೇ ಒಬ್ಬ ಮನುಷ್ಯ ಯೌವನದಿಂದ ಮುಪ್ಪಿಗೆ ನಡೆದು ಹೋಗುವುದು ಕಿವಿಗೆ ಕಾಣುತ್ತಿತ್ತು.

ಕೊನೆಯ ಹಾಡು ಬಂದಾಗ ವಾಮನರಾಯರು ಕೈಯಾಡಿಸಿ, "ಇದನ್ನ ನಾ ಎಂದೂ ಕೇಳೂದಿಲ್ಲ. ಮೊದಲನೇ ಹಾಡನ್ನ ಮತ್ತ ಹಾಕ್ಯಾರ. ಕಂಪನಿಯವರ ತಪ್ಪು. ಬಂದ್ ಮಾಡು," ಎಂದರು.

"ತಪ್ಪಲ್ಲಪ್ಪಾ! ಮೊದಲಿಂದು ಜವಾನಿಯಾಗ ಹಾಡಿದ್ದು. ಇದು ಮುದುಕ ಆದ್ಮ್ಯಾಲೆ. ಜರಾ ಸುನೋ ತೋ ಸಹೀ," ಎಂದಳು ಸುಮಾ.

ಅಂದು ಅವರು ಅದನ್ನು ಪೂರ್ತಿ ಕೇಳಿದರು. ಅದೇ ಪದ, ಅದೇ ಧಾಟಿ. ಯೌವನದಲ್ಲಿ ಬಾಣದಂತೆ ಮೇಲೇರಿದ್ದ ಧ್ವನಿ ಇಲ್ಲಿ ನೆಲ ಮುಟ್ಟಿಕೊಂಡು ನಡೆಯುತ್ತಿತ್ತು. ಏರಬೇಕಾದಲ್ಲಿ ಏರದೆ, ನಿಂತು, ಉಸಿರು ತೆಗೆದುಕೊಂಡು, ಗಿಟಾರಿಗೆ ದಾರಿ ಬಿಡುತ್ತಿತ್ತು.

"ಶ್ರುತಿ ಇಳಿಸ್ಯಾರ," ಎಂದರು ವಾಮನರಾಯರು, ಹಾಡು ಮುಗಿದ ಮೇಲೆ. "ಎಷ್ಟು ಇಳಿಸ್ಯಾರ ನೋಡ್ರಿ! ನಾಚಿಕೀನ ಇಲ್ಲ." ಈ ಕೊನೆಯ ಮಾತನ್ನು ಅವರು ಹೇಳಿದ ಬಗೆಯಲ್ಲಿ ನಮಸ್ಕಾರವಿತ್ತು. ಆಮೇಲೆ ಕೈ ಚಾಚಿ ನನ್ನ ಮಡಿಲಿನಿಂದ ತಾಳಗಳನ್ನು ಎತ್ತಿಕೊಂಡರು.

ಆ ಶನಿವಾರ ಭಜನೆ ಅವರ ಮನೆಯಲ್ಲಿಯೇ ಆಯಿತು. ಮಂಗಳದ ಹೊತ್ತಿಗೆ, ಹಾರ್ಮೋನಿಯಂ ನುಡಿಸುವ ಉಡುಪಿಯ ಭಟ್ಟರು ರೂಢಿಯಂತೆ, "ಕರಿ ನಾಲ್ಕೇ ಅಲ್ವಾ ಮಾರಾಯ್ರೆ?" ಎಂದರು.

"ಅಲ್ರಿ. ಕರಿ ಒಂದು."

ಸಭೆ ಒಮ್ಮೆ ತಡವರಿಸಿತು. ಅಷ್ಟು ಕೆಳಗಿನ ಶ್ರುತಿಯಲ್ಲಿ ಎಲ್ಲಿ ಸೇರಿಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಅವರ ಒಡಕು ಧ್ವನಿ ಒಂದು ಸಾಲನ್ನು ಒಂಟಿಯಾಗಿ ನಡೆಸಿತು. ಎರಡನೆಯ ಸಾಲಿಗೆ ನಾವು ಸೇರಿಕೊಂಡೆವು. ತಾರಷಡ್ಜ ಬಂದಾಗ ರೂಢಿಯಂತೆ ಕಣ್ಣು ಮುಚ್ಚಿ ಬಾಯಿ ತೆರೆದೆ. ನನ್ನ ಗಂಟಲಿನಿಂದ ನಿಜವಾಗಿಯೂ ಸ್ವರ ಹೊರಟಿತು. ಬೆಚ್ಚಿ ಕಣ್ಣು ತೆರೆದರೆ, ವಾಮನರಾಯರು ನನ್ನನ್ನೇ ನೋಡಿ ನಗುತ್ತಿದ್ದರು. ಇಷ್ಟು ವರ್ಷ ಅವರಿಗೆ ಎಲ್ಲವೂ ಗೊತ್ತಿತ್ತು.

ಕೊನೆಯವರೆಗೂ ಅವರು ಕರಿ ಒಂದರಲ್ಲಿಯೇ ಮಂಗಳ ಹಾಡಿದರು. ಕಳೆದ ಆಷಾಢದಲ್ಲಿ ತೀರಿಕೊಂಡರು. ತಾಳಗಳ ಜೊತೆಗೆ ಈ ಪೆಟ್ಟಿಗೆಯನ್ನೂ ಸುಮಾ ನನ್ನ ಕೈಗಿಟ್ಟಳು.

ಈ ದಿನ ಪಾಳಿ ನನ್ನ ಮನೆಯದು. ಮಂಗಳ ನನ್ನ ಪಾಲಿನದು. ನನಗೂ ವಯಸ್ಸಾಯಿತು, ಧ್ವನಿ ಈಗ ಕರಿ ಒಂದಕ್ಕೂ ನಿಲ್ಲುವುದಿಲ್ಲ. ಗಂಟಲು ಕೆಟ್ಟಿದೆಯೆಂದು ಹೇಳಿ, ಮತ್ತೆ ಮಂತ್ರದಂತೆ ಓದಿ ಮುಗಿಸೋಣವೆಂದು ನಿನ್ನೆಯೇ ನಿಶ್ಚಯಿಸಿದ್ದೆ. ತಾಳ ಉಜ್ಜುವುದನ್ನು ಬಿಟ್ಟು, ಕೊನೆಯ ಹಾಡನ್ನು ಹಾಕಿಕೊಂಡು ಕುಳಿತೆ. ದೇವರ ಮುಂದಿನ ದೀಪ ಇನ್ನೂ ಉರಿಯುತ್ತಿತ್ತು.

ಹಾಡು ಮುಗಿಯುವ ಹೊತ್ತಿಗೆ ಭಟ್ಟರ ಫೋನು ಬಂತು. "ಆಚಾರ್ರೇ, ಇವತ್ತು ಮಂಗಳ ನೀವಲ್ವಾ? ಶ್ರುತಿ ಯಾವುದು ಇಡ್ಬೇಕು?"

"ಗೊತ್ತಿಲ್ಲ ಭಟ್ಟರೇ," ಎಂದೆ. "ಸ್ವಲ್ಪ ಬೇಗ ಬನ್ನಿ. ಕೂತು ಹುಡುಕೋಣ."