ಭಾವನ ಒಡ್ಡಿಗೆ ಬಂದ ಗಂಗವ್ವ

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ ಈರಬಸಪ್ಪನವರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ಸಲ ಜಗಳ ತೆಗೆದು ಸುಮ್ಮನಾಗಬಹುದಿತ್ತು. ಒಳ್ಳೆಯವರು, ಅದರಲ್ಲೂ ಹಟಮಾರಿ ಒಳ್ಳೆಯವರು. ಅಂಥವರ ಜೊತೆ ಏಗುವ ಪಾಡು ಶತ್ರುವಿಗೂ ಬೇಡ.

ಬಮ್ಮಿಗಟ್ಟಿಯ ಅಡವಿ ಕಡೆಯ ಹೊಲದಲ್ಲಿ ಮಳೆನೀರು ತಡೆದು ಕೆರೆ ಮಾಡಲು ನನ್ನ ಮಾವ ಎಬ್ಬಿಸಿದ ಮಣ್ಣಿನ ಒಡ್ಡು ಇದೆ. ಸರಕಾರದ್ದಲ್ಲ, ನಮ್ಮದೇ. ಹಳದಿ ಮಣ್ಣು ಹಾಕಿ, ಎತ್ತು ತುಳಿಸಿ, ಮತ್ತೆ ಮಣ್ಣು ಹಾಕಿ ಮಾಡಿದ್ದು. ಹತ್ತು ವರ್ಷದ ಭಾವ ಆ ಎತ್ತುಗಳ ಹಿಂದೆ ನಡೆದಿದ್ದರಂತೆ. ಮುಂದೆ ಮದುವೆಯೂ ಆಗಲಿಲ್ಲ, ಒಡ್ಡೇ ಅವರ ಸಂಸಾರ. ಯಾರ ಗದ್ದೆ ಒಣಗಿದರೂ ಕೇಳುವ ಮೊದಲೇ ನೀರು ಬಿಡುತ್ತಾರೆ. ಆದರೆ ಒಡ್ಡಿನ ಮೇಲೆ ಒಂದು ಮಾತು ಎತ್ತಿದರೆ ಸತ್ತ ಅಪ್ಪನನ್ನೇ ಬೈದ ಹಾಗೆ ಮುಖ ಊದಿಸುತ್ತಾರೆ. ಒಡ್ಡಿನ ಬುಡದಲ್ಲಿ ಇರುವುದು ನಮ್ಮ ಮನೆ: ನಾನು, ನನ್ನ ಗಂಡ ಗೌರೀಶ, ಎದ್ದು ನಡೆಯಲಾರದ ಅತ್ತೆ ದುಂಡವ್ವ.

ಈ ಶ್ರಾವಣದಲ್ಲಿ ಕೆರೆ ತುಂಬಿತು. ಒಂದು ಮುಂಜಾನೆ ನಮ್ಮ ಹಿತ್ತಲಿಗೆ ಮೂವತ್ತು ಹೆಜ್ಜೆ ದೂರದಲ್ಲಿ, ಒಡ್ಡಿನ ಬುಡದಿಂದ ಬೆರಳು ಗಾತ್ರ ನೀರು ಹೊರಟಿತ್ತು. ಓಡಿ ಹೋಗಿ ಕರೆತಂದು ತೋರಿಸಿದರೆ, ಭಾವ ಕೈ ಮುಗಿದರು!

"ಗಂಗವ್ವ ತಾನಾಗೇ ಬಂದಾಳ. ಕಾಯಿ ತಗೊಂಡು ಬಾ, ನಂದಾ."

"ಭಾವಾರ, ಒಡ್ಡು ಸೋರಾಕತ್ತೈತ್ರಿ."

"ಬಿಡ್ತು ಅನ್ನು!"

ಸೋಮವಾರದ ಹೊತ್ತಿಗೆ ಅರ್ಧ ಊರಿನ ಹೆಂಗಸರು ಅರಿಷಿಣ, ಕುಂಕುಮ, ಹೂವು ಹಿಡಿದು ಬಂದರು. ಜೆಸಿಬಿ ಓಡಿಸುವ ಇಮಾಮುದ್ದೀನ ಒಬ್ಬನೇ ಒಡ್ಡಿನ ಮೇಲೆ ಹತ್ತಿ ನೋಡಿದ.

"ಒಡ್ಡಿನ ಮ್ಯಾಲಿನ ಸತ್ತ ಬನ್ನಿಗಿಡದ ಬೇರು ಕೊಳತು ಪೊಳ್ಳಾಗ್ಯಾವ್ರಿ ಕಾಕಾ, ಅದರಾಗ ನೀರು ದಾರಿ ಮಾಡೇತಿ. ನೀರು ತಿಳಿ ಇರೂತನಕ ಧೈರ್ಯ. ಕದಡಿ ಬಂತಂದ್ರ ಒಡ್ಡಿನ ಮಣ್ಣ ತಿನ್ನಾಕತ್ತೇತಿ ಅಂತ ತಿಳೀರಿ. ಹೆಚ್ಚಿನ ನೀರು ಹೋಗೂ ಕೋಡಿ ಕಡಿದು ಕೆರಿ ಇಳಸೂಣು."

"ಕೆರಿ ಇಳಿಸಿದರ ಅಪ್ಪಂದು ಏನ್ ಉಳೀತಲೇ?" ಎಂದರು ಭಾವ.

ಎರಡು ದಿನಕ್ಕೆ ನೀರು ಹಳದಿಯಾಯಿತು. ನಾನು ಬಾಯಿ ಬಡಿದುಕೊಂಡೆ. "ಅರಿಷಿಣ ಅದು, ಹುಚ್ಚಿ" ಎಂದರು ಭಾವ. ಬಂದವರೆಲ್ಲ ಹೌದ್ಹೌದು ಎಂದು ತಲೆಯಾಡಿಸಿ ಇನ್ನೊಂದು ಮುಷ್ಟಿ ಅರಿಷಿಣ ಎರಚಿದರು. ಅಯ್ಯ ಶಿವನೇ, ಇಂಥ ಭಕ್ತಿಗೆ ಬೆಂಕಿ ಹಚ್ಚಬೇಕು!

ಮರುದಿನ ಯಾರೂ ಬರುವ ಮೊದಲು, ನೀರು ಹೊರಡುವ ಬಾಯಿಗೇ ಗಾಜಿನ ಲೋಟ ಹಿಡಿದು ತುಂಬಿ ಇಟ್ಟೆ. ಮಧ್ಯಾಹ್ನ ಭಾವ ನಮ್ಮ ಮನೆಗೆ ಊಟಕ್ಕೆ ಬಂದಾಗ ತಳದಲ್ಲಿ ಅರ್ಧ ಬೆರಳು ಕೆಸರು ಕೂತಿತ್ತು. ರೊಟ್ಟಿಯ ಬಾಜು ಲೋಟ ಕುಕ್ಕಿದೆ.

"ಇದೂ ಅರಿಷಿಣ ಏನ್ರಿ?"

ಅವರು ಬೆರಳು ಅದ್ದಿ ತಿಕ್ಕಿ ನೋಡಿದರು. ಮೂಸಿದರು. ಆ ಮಣ್ಣು ಅವರಿಗೆ ಗೊತ್ತಿಲ್ಲದ್ದೇ? ರೊಟ್ಟಿ ಮುರಿಯದೆ ತಾಟು ಸರಿಸಿದರು.

"ಇಮಾಮುದ್ದೀನಗ ಫೋನ್ ಹಚ್ಚು."

ಇಮಾಮುದ್ದೀನ ಕೋಡಿ ಕಡಿದ. ನೀರು ಭಾವನದೇ ಭತ್ತದ ಮೇಲೆ ನುಗ್ಗಿತು. ಗೌರೀಶ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿದ. ನಾನು ಆಕಳ ಹಗ್ಗ ಬಿಚ್ಚಿ ಅಟ್ಟಿ ತಿರುಗಿದರೆ, ಈ ಮಹಾರಾಯರು ಬಂದು ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದಾರೆ!

"ನೀವು ಹೋಗ್ರಿ. ನಿಮ್ಮನ್ನ ಇದರ ಬುಡಕ ಇಟ್ಟವ ನಾನು. ಮನಿ ಹೋದರ ನಾನೂ ಹೋಗ್ತೇನಿ."

ಹತ್ತೊಂಬತ್ತು ವರ್ಷ ಅವರೆದುರು ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ ನಾನು, ನೀರಿನ ತಂಬಿಗೆಯನ್ನೂ ಕೈಗೆ ಕೊಡದೆ ಕೆಳಗಿಡುತ್ತಿದ್ದೆ. ಅಂದು ಸೆರಗು ಎಲ್ಲಿ ಹೋಯಿತೋ, ರಟ್ಟೆ ಹಿಡಿದು ದರದರ ಎಳೆದೆ.

"ನಿಮ್ಮ ಹೆಣಾ ಹುಡುಕಾಕ ನನಗ ಪುರಸೊತ್ತಿಲ್ಲ! ಏಳ್ರಿ ಮ್ಯಾಲ!"

ಎದ್ದು ನನ್ನ ಹಿಂದೆ ಬಂದರು. ದಿಬ್ಬ ಹತ್ತಿ ಒಂದು ತಾಸಿಗೆ ಒಡ್ಡಿನ ಮಗ್ಗುಲು ಬಂಡಿ ಅಗಲ ಕುಸಿಯಿತು. ಅಷ್ಟರಲ್ಲಿ ಕೆರೆ ಇಳಿದಿತ್ತು. ಹಿತ್ತಲ ಗೋಡೆ ಹೋಯಿತು, ಮನೆ ಉಳಿಯಿತು. ಭಾವ ಆ ಕಡೆ ನೋಡಲೇ ಇಲ್ಲ. ಅತ್ತೆಯ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನು ಇನ್ನೂ ಅವರ ರಟ್ಟೆ ಬಿಟ್ಟಿರಲಿಲ್ಲ.