ಒಲೆ ಕಿತ್ತ ದಿನದ ಊಟ

ಸೀಸನ್ ಇಲ್ಲದ ತಿಂಗಳುಗಳಲ್ಲಿ ಆ ಟ್ರಾವೆಲ್ಸ್ ಆಫೀಸಿನಲ್ಲಿ ನೊಣ ಹೊಡೆಯುವುದೇ ಕೆಲಸ. ಅಲ್ಲಿ ಟಿಕೆಟ್ ಬುಕ್ ಮಾಡುತ್ತಿದ್ದವಳು ನಮ್ಮ ತಿಂಡಿಯಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಯಾರಿಗೆ ಬೇಕು ಬಿಡಿ. ಊಟದ ಮಾತೆತ್ತಿದರೆ ಸಾಕು, ಆಕೆ ಪೆನ್ನು ಕೆಳಗಿಟ್ಟು ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಿದ್ದಳು. ಈ ಸಲ ಆಫೀಸಿನ ಯಜಮಾನರು ಸೀದಾ ಹೇಳಿಬಿಟ್ಟರು: ಮುಂದಿನ ವರ್ಷದಿಂದ ಈ ಖಾಲಿ ತಿಂಗಳುಗಳಲ್ಲಿ ನಿನ್ನ ಮೇಜು ಬೇಡ, ಸೀಸನ್ನಿಗೆ ಬಾ, ಸಾಕು. ಅರ್ಧ ವರ್ಷ ಮನೆಯಲ್ಲಿ ಕೂತು ಗೋಡೆ ನೋಡು ಅಂದ ಹಾಗಾಯಿತು.

ತಿಂಡಿಯಕ್ಕ ಅತ್ತು ಕರೆಯುವ ಪೈಕಿ ಅಲ್ಲ. ಸೀಸನ್ನಿನಲ್ಲಿ ಹೋಟೆಲಿನ ಬಾಣಸಿಗನಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ, ತಟ್ಟೆಗೆ ಬಿದ್ದದ್ದೇ ಊಟ. ಜನ ಇಲ್ಲದಾಗ ಹೋದರೆ ಅವನೇ ಮೇಜಿನ ಹತ್ತಿರ ಬಂದು ಹೇಗಿದೆ ಅಂತ ಕೇಳುತ್ತಾನೆ. ಇದು ಆಕೆಯ ವಾದ. ತಿನ್ನುವ ಹುಚ್ಚಿರುವವರನ್ನು ಕಟ್ಟಿಕೊಂಡು ಎರಡು ದಿನ ನಗರಕ್ಕೆ ಹೋಗಿಬರುತ್ತೇನೆ ಎಂದಳು. ಒಂದು ವ್ಯಾನ್ ತುಂಬಿತು. ನೋಡೇಬಿಡೋಣ ಎಂದು ಯಜಮಾನರೂ ಹತ್ತಿದರು. ಇದು ಕುದುರಿದರೆ ಮೇಜು ಉಳಿಯುತ್ತದೆ, ಕೆಟ್ಟರೆ ಹೋಗುತ್ತದೆ.

ಆಕೆಗೊಂದು ಹಠ. ಯಾವ ಹೋಟೆಲಿಗೂ ಮುಂಚೆ ಫೋನ್ ಮಾಡುವವಳಲ್ಲ. ನೆಂಟರು ಬರುತ್ತಾರೆಂದು ಗೊತ್ತಾದರೆ ಅಡುಗೆಗೂ ಪೌಡರ್ ಬಳಿದುಬಿಡುತ್ತಾರೆ, ದಿನಾ ಮಾಡುವ ಊಟ ಬೇಕಾದರೆ ಹೇಳದೆ ಹೋಗಬೇಕು. ಮೊದಲ ದಿನ ಎಲ್ಲ ಕಡೆ ಗೆಲುವೇ. ಬೇಕರಿಯವನಂತೂ ಒಲೆಯ ಬಾಯಿಂದ ತೆಗೆದ ಬ್ರೆಡ್ಡನ್ನು ತಾನೇ ಮುರಿದು ಕೊಟ್ಟ. ಯಜಮಾನರು ಮಾತ್ರ ಬಿಲ್ಲುಗಳನ್ನಷ್ಟೇ ಲೆಕ್ಕ ಹಾಕಿದರು.

ಎರಡನೆಯ ಮಧ್ಯಾಹ್ನದ್ದೇ ಮುಖ್ಯ ಊಟ, ಮಾರುಕಟ್ಟೆ ಹಿಂದಿನ ಗಲ್ಲಿಯ ಹಳೇ ಹೋಟೆಲಿನಲ್ಲಿ. ದಾರಿಯುದ್ದಕ್ಕೂ ಅದನ್ನು ಹೊಗಳಿ ಹೊಗಳಿ ಎಲ್ಲರ ಬಾಯಲ್ಲಿ ನೀರೂರಿಸಿದ್ದಳು. ಹೋಗಿ ನೋಡಿದರೆ ಶಟರ್ ಅರ್ಧ ಇಳಿದಿದೆ, ಸುಣ್ಣದ ವಾಸನೆ, ಒಲೆ ಕಿತ್ತುಹಾಕಿ ಇಟ್ಟಿಗೆ ಗುಡ್ಡೆ. ಗಿರಾಕಿ ಇಲ್ಲದ ದಿನಗಳಲ್ಲೇ ಅಲ್ಲವೇ ಹೋಟೆಲಿನವರು ಹೊಸ ಒಲೆ ಕಟ್ಟಿಸುವುದು? ಗಿರಾಕಿ ಇಲ್ಲದ ದಿನವನ್ನೇ ಹುಡುಕಿಕೊಂಡು ಹೊರಟವಳಿಗೆ ಅದೊಂದು ಹೊಳೆದಿರಲಿಲ್ಲ ನೋಡಿ. ಯಜಮಾನರು ವಾಚು ನೋಡಿಕೊಂಡರು.

ಹೋಟೆಲಿನವರೇ ಕೈಕೊಟ್ಟರು ಅನ್ನಬಹುದಿತ್ತು. ಆಕೆ ಅನ್ನಲಿಲ್ಲ.

"ತಪ್ಪು ನಂದೇ. ಒಂದು ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು" ಎಂದು ಎಲ್ಲರೆದುರೇ ಹೇಳಿ, ಶಟರ್ ಕೆಳಗೆ ಬಗ್ಗಿ ಒಳಗೆ ಹೋದಳು.

ಹಿಂದುಗಡೆ ಹೋಟೆಲಿನ ಕೆಲಸದವರು ಉಣ್ಣಲು ಕೂರುವುದರಲ್ಲಿದ್ದರು. ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆ: ಬೇಳೆ, ಹೆಚ್ಚಿ ಉಳಿದ ತರಕಾರಿಯ ತುದಿ ತೊಟ್ಟು, ಮೇಲೆ ಕೆಂಪಗೆ ಹುರಿದ ಬೆಳ್ಳುಳ್ಳಿ. ಘಮ ಮೂಗಿಗೆ ಬಡಿದದ್ದೇ ತಿಂಡಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಇದನ್ನೇ ನಮಗೂ ಹಾಕಿ ಎಂದಳು. ಹಿರಿಯ ಬಾಣಸಿಗ ಒಪ್ಪಲಿಲ್ಲ. ಇದು ನಾವು ತಿನ್ನುವುದು, ಗಿರಾಕಿಗೆ ಬಡಿಸಿದರೆ ನನ್ನ ಮರ್ಯಾದೆ ಏನಾಗಬೇಕು ಎಂದ.

"ಅಣ್ಣಾ, ಊರಿಗೆಲ್ಲ ಉಣ್ಣಿಸೋ ಕೈ ತನಗೆ ಅಂತ ಏನು ಮಾಡ್ಕೊಳ್ಳುತ್ತೆ, ಅದನ್ನ ತಿನ್ನೋ ಆಸೆಯಿಂದ ಬಂದವರು ಇವರು. ಇಲ್ಲ ಅನ್ನಬೇಡಿ."

ಅವನು ಶಟರ್ ಕೆಳಗೆ ಬಗ್ಗಿ ಹೊರಗಿನವರ ತಲೆ ಎಣಿಸಿದ. ಆಮೇಲೆ ಪಾತ್ರೆಗೆ ಬಿಸಿನೀರು ಸುರಿದ, ಬುಟ್ಟಿಯಲ್ಲಿದ್ದ ಸೊಪ್ಪನ್ನೆಲ್ಲ ಹೆಚ್ಚಿ ಹಾಕಿದ, ಬ್ರೆಡ್ ತರಿಸಿದ. ಬಂದವರು ಇಟ್ಟಿಗೆ ಮೇಲೆ, ಬೋರಲು ಹಾಕಿದ ಡಬ್ಬಗಳ ಮೇಲೆ, ಕೆಲಸದವರ ಪಕ್ಕದಲ್ಲೇ ಕೂತರು. ಮೊದಲ ತುತ್ತಿಗೆ ನಿಂತ ಮಾತು ಪಾತ್ರೆಯ ತಳ ಕಂಡ ಮೇಲೇ ಮತ್ತೆ ಶುರುವಾದದ್ದು. ಯಜಮಾನರು ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ ತಿಂದರು.

ಬಾಣಸಿಗ ಅವರ ಹತ್ತಿರ ಬಂದು, ಈ ಪ್ರವಾಸದ ಯಜಮಾನರು ನೀವೇ ತಾನೆ ಎಂದು ಕೇಳಿದ. ಇಷ್ಟು ವರ್ಷ ಆಕೆಯನ್ನು ಟಿಕೆಟಿನವಳು ಎಂದಷ್ಟೇ ಪರಿಚಯಿಸುತ್ತಿದ್ದ ಆ ಮನುಷ್ಯ ತಟ್ಟೆ ಕೆಳಗಿಟ್ಟು ಎದ್ದು ನಿಂತು ಆಕೆಯ ಕಡೆ ಕೈ ತೋರಿಸಿದರು.

"ನಾನಲ್ಲಪ್ಪ, ಇವರು. ಮುಂದಿನ ವರ್ಷಾನೂ ಈ ತಿಂಗಳು ಇವರೇ ಕರ್ಕೊಂಡು ಬರ್ತಾರೆ. ನಾನು ಇವರ ಹಿಂದೆ ಉಣ್ಣೋಕೆ ಬಂದವನು."

ಎಲ್ಲರಿಗೂ ಬಡಿಸುತ್ತ ತಿಂಡಿಯಕ್ಕ ಇನ್ನೂ ಉಂಡೇ ಇರಲಿಲ್ಲ. ಬಾಣಸಿಗ ತನಗೆಂದು ತೆಗೆದಿಟ್ಟುಕೊಂಡಿದ್ದ ತಟ್ಟೆಯನ್ನು ತಂದು ಆಕೆಯ ಕೈಗಿಟ್ಟ.